ಇಲ್ಲದ ನೌಕೆಯ ಬಣ್ಣ

ಸಾಹಿತ್ಯ, ಸಂಗೀತ, ನೃತ್ಯ, ಚಿತ್ರ, ಶಿಲ್ಪ ಎಂದು ಕಲೆಗಳನ್ನು ಎಣಿಸಿ ಮುಗಿಸಿದವರು ಆ ಪಟ್ಟಿಯಿಂದ ಹೊರಗುಳಿದ ಕೈಕೆಲಸಗಳ ಕಡೆಗೆ ಸಾಮಾನ್ಯವಾಗಿ ತಿರುಗಿ ನೋಡುವುದಿಲ್ಲ. ಅವುಗಳಿಗೆಲ್ಲ ಹವ್ಯಾಸವೆಂದು ಒಂದು ಹೆಸರನ್ನಿಟ್ಟು ಸುಮ್ಮನಾಗುತ್ತಾರೆ. ಹವ್ಯಾಸಕ್ಕೆ ವಿಮರ್ಶೆ ಬೇಕಿಲ್ಲ, ಬೆನ್ನು ತಟ್ಟಿದರೆ ಸಾಕು ಎಂಬುದು ನಮ್ಮಲ್ಲಿ ಬೇರೂರಿರುವ ಭಾವನೆ. ಇದರಿಂದ ಹವ್ಯಾಸಿಗೆ ಯಾವ ಉಪಕಾರವೂ ಆಗುವುದಿಲ್ಲವೆಂದು ನನ್ನ ಎಣಿಕೆ. ತಿಂಗಳುಗಟ್ಟಲೆ ಕಣ್ಣು ಕೀಲಿಸಿ ಮಾಡಿದ ಕೆಲಸವನ್ನು ‘ಚೆನ್ನಾಗಿದೆ’ ಎಂಬ ಒಂದು ಮಾತಿನಲ್ಲಿ ತೀರಿಸಿಬಿಡುವುದು ಅದನ್ನು ನೋಡದೆ ಇರುವುದಕ್ಕೆ ಸಮಾನ. ಆದ್ದರಿಂದ ಈ ವಾರ ಪುಸ್ತಕವೊಂದನ್ನು ಬಿಟ್ಟು, ವೈಜ್ಞಾನಿಕ ಕಲ್ಪನೆಯ ಚಲಚ್ಚಿತ್ರಗಳಲ್ಲಿ ಬರುವ ಅಂತರಿಕ್ಷ ನೌಕೆಗಳ ಪುಟ್ಟ ಪ್ಲಾಸ್ಟಿಕ್ ಮಾದರಿಗಳನ್ನು ಜೋಡಿಸಿ, ಅವಕ್ಕೆ ತಮ್ಮದೇ ರೀತಿಯಲ್ಲಿ ಬಣ್ಣ ಹಚ್ಚುವವರ ಕೆಲಸವನ್ನು ವಿಮರ್ಶೆಗೆ ಎತ್ತಿಕೊಂಡಿದ್ದೇನೆ. ನಗುವವರು ನಗಲಿ, ಕಡೆಯವರೆಗೆ ಓದಿ ನಗಲಿ ಎಂಬುದಷ್ಟೆ ನನ್ನ ಕೋರಿಕೆ.

ಕೆಲಸದ ಸ್ವರೂಪ ತಿಳಿಯದ ವಾಚಕರಿಗಾಗಿ ಒಂದೆರಡು ಮಾತು. ಪೆಟ್ಟಿಗೆಯನ್ನು ಬಿಚ್ಚಿದರೆ ಅದರೊಳಗೆ ನೌಕೆ ಇರುವುದಿಲ್ಲ. ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟುಗಳು, ಅವಕ್ಕೆ ಕಾಯಿಗಳಂತೆ ತಗುಲಿಕೊಂಡ ಹತ್ತಾರು, ಕೆಲವು ಸಲ ನೂರಾರು ಬಿಡಿಭಾಗಗಳು, ಒಂದು ಸೂಚನಾ ಪುಸ್ತಿಕೆ, ನೀರಿನಲ್ಲಿ ನೆನೆಸಿ ಜಾರಿಸಿ ಅಂಟಿಸತಕ್ಕ ಡೆಕಾಲ್ ಹಾಳೆ, ಇಷ್ಟೆ. ಭಾಗಗಳನ್ನು ಕತ್ತರಿಸಿ ತೆಗೆದು, ಕತ್ತರಿಸಿದ ಗುರುತನ್ನು ಉಪ್ಪುಕಾಗದದಿಂದ ತಿಕ್ಕಿ ಅಳಿಸಿ, ಅಂಟು ಹಾಕಿ ಕೂಡಿಸಬೇಕು. ಸಂದು ಬಿಟ್ಟಲ್ಲಿ ಪುಟ್ಟಿ ತುಂಬಿ ಮತ್ತೆ ತಿಕ್ಕಬೇಕು. ಅದರ ಮೇಲೆ ಪ್ರೈಮರ್, ಪ್ರೈಮರಿನ ಮೇಲೆ ಏರ್‌ಬ್ರಷ್ಷಿನಿಂದ ತೆಳುವಾಗಿ ಹಲವು ಸಲ ಬಣ್ಣ, ಬಣ್ಣದ ಮೇಲೆ ಹೊಳಪಿನ ವಾರ್ನಿಷು, ಆಮೇಲೆ ಡೆಕಾಲ್. ತರುವಾಯ, ಮೈಮೇಲಿನ ಗೀರುಗಳಲ್ಲಿ ಇಳಿದು ನಿಲ್ಲುವಂತೆ ನೀರಾಗಿ ಕಲಸಿದ ಕಪ್ಪು ಅಥವಾ ಕಂದು ಬಣ್ಣವನ್ನು ಬಿಡುತ್ತಾರೆ. ಇದಕ್ಕೆ ವಾಷ್ ಎಂದು ಹೆಸರು. ಕಟ್ಟಕಡೆಗೆ ಹೊಳಪನ್ನು ಅಡಗಿಸುವ ಮಂಕು ವಾರ್ನಿಷು. ಒಂದೊಂದು ಪದರವೂ ಒಣಗುವವರೆಗೆ ಕಾಯಬೇಕು. ಮಳೆಗಾಲದ ತೇವದಲ್ಲಿ ಈ ವಾರ್ನಿಷು ಬಿಳಿಚಿಕೊಳ್ಳುವುದರಿಂದ, ಬಿಸಿಲು ಬರುವತನಕ ಕೈಕಟ್ಟಿ ಕೂರಬೇಕಾದದ್ದೂ ಉಂಟು. ನಾನೂ ಒಂದಷ್ಟು ಕಾಲ ಈ ಕೆಲಸದಲ್ಲಿ ಕೈಯಾಡಿಸಿದವನಾದ್ದರಿಂದ ಇದರ ತಾಳ್ಮೆ ಎಷ್ಟೆಂಬುದನ್ನು ಬಲ್ಲೆ.

ಅಳತೆಯ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಮುಂದೆ ಅದು ಬೇಕಾಗುತ್ತದೆ. 1/72 ಎಂದರೆ ಎಪ್ಪತ್ತೆರಡರಲ್ಲಿ ಒಂದು ಪಾಲು. ಆರಡಿಯ ಆಳು ಒಂದಂಗುಲವಾಗುತ್ತಾನೆ. ಯುದ್ಧವಿಮಾನಗಳ ಮಾದರಿಗಳಿಂದ ಬಂದ ಅಳತೆ ಇದು. ‘ಸ್ಟಾರ್ ವಾರ್ಸ್’ ಚಿತ್ರದ ಎಕ್ಸ್-ವಿಂಗ್ ಎಂಬ ಒಂಟಿ ಆಳಿನ ನೌಕೆಯ ಉದ್ದ ಹನ್ನೆರಡೂವರೆ ಮೀಟರೆಂದು ಇಟ್ಟುಕೊಂಡರೆ, ಈ ಅಳತೆಯಲ್ಲಿ ಅದು 17 ಸೆಂಟಿಮೀಟರಿಗೆ ಸ್ವಲ್ಪ ಮೇಲೆ ಬರುತ್ತದೆ. ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಎಂಟರ್‌ಪ್ರೈಸ್ ನೌಕೆ 947 ಅಡಿ. 1/1000 ಅಳತೆಯಲ್ಲಿ ಅದು ಸುಮಾರು 29 ಸೆಂಟಿಮೀಟರು, ಅಂದರೆ ಪುಸ್ತಕದ ಕಪಾಟಿನ ಒಂದು ಅರೆಯಲ್ಲಿ ನಿಲ್ಲುವಷ್ಟು. 1,600 ಮೀಟರ್ ಉದ್ದದ ಸ್ಟಾರ್ ಡೆಸ್ಟ್ರಾಯರ್ ನೌಕೆಯನ್ನು ಜಪಾನಿನ ಬಂದಾಯ್ ಕಂಪನಿ 2019ರಲ್ಲಿ 1/5000 ಅಳತೆಗೆ ಇಳಿಸಿ 32 ಸೆಂಟಿಮೀಟರಿನಲ್ಲಿ ಅಡಗಿಸಿತು. ಒಂದೂವರೆ ಕಿಲೋಮೀಟರಿಗೂ ಉದ್ದವಾದ ಯುದ್ಧನೌಕೆಯನ್ನು ಒಂದು ಮೊಳದೊಳಗೆ ನಂಬಿಸುವುದು ಸಣ್ಣ ಕೆಲಸವಲ್ಲ.

ಮೊದಲನೆಯ ಆಕ್ಷೇಪಣೆ ಎಲ್ಲರಿಗೂ ಹೊಳೆಯತಕ್ಕದ್ದು. ಅಚ್ಚು ಮಾಡಿದವರು ಒಬ್ಬರು, ರೂಪ ಕೊಟ್ಟವರು ಇನ್ನೊಬ್ಬರು, ಜೋಡಿಸುವವನದೇನು ಹೆಚ್ಚುಗಾರಿಕೆ? ಪುಸ್ತಿಕೆಯಲ್ಲಿ ಬರೆದಂತೆ ಕೂಡಿಸುವುದು ಕೂಲಿಯ ಕೆಲಸವಾದೀತೇ ಹೊರತು ಕಲೆ ಹೇಗಾದೀತು? ಇದಕ್ಕೆ ನನ್ನ ಉತ್ತರ ಗಮಕ ಕಲೆಯಿಂದ ಬರುತ್ತದೆ. ಗದುಗಿನ ಭಾರತದ ಒಂದೇ ಸಂಧಿಯನ್ನು ಹತ್ತು ಜನ ಗಮಕಿಗಳಿಂದ ಓದಿಸಿ ಕೇಳಿದರೆ ಹತ್ತು ಬಗೆಯಾಗಿ ಕೇಳುತ್ತದೆ. ಯಾರೂ ಒಂದಕ್ಷರವನ್ನೂ ಬದಲಿಸಿರುವುದಿಲ್ಲ. ಆದರೂ ಒಬ್ಬನ ದನಿಯಲ್ಲಿ ಕರ್ಣ ಅಳಿಸುತ್ತಾನೆ, ಇನ್ನೊಬ್ಬನ ದನಿಯಲ್ಲಿ ಬರಿಯ ಪದಗಳು ಬಂದು ಹೋಗುತ್ತವೆ. ಪದ್ಯ ಕವಿಯದು, ಅರ್ಥದ ಬೆಳಕು ಓದುವವನದು. ಅಚ್ಚಿನ ಪ್ಲಾಸ್ಟಿಕ್ಕನ್ನು ಪದ್ಯವೆಂದುಕೊಂಡರೆ, ಬಣ್ಣವೇ ಅದರ ವಾಚನ. ಒಂದೇ ಪೆಟ್ಟಿಗೆಯಿಂದ ಹೊರಟ ಎರಡು ನೌಕೆಗಳು, ಒಂದು ಆಟಿಕೆಯಾಗಿ, ಇನ್ನೊಂದು ದೂರದ ಯಾವುದೋ ಯುದ್ಧದಿಂದ ಬಳಲಿ ಬಂದ ಹಡಗಾಗಿ ಕಾಣುವುದನ್ನು ನಾನು ಅಕ್ಕಪಕ್ಕದಲ್ಲಿಯೇ ಇಟ್ಟು ನೋಡಿದ್ದೇನೆ. ಆ ವ್ಯತ್ಯಾಸಕ್ಕೆ ಅಚ್ಚು ಕಾರಣವಲ್ಲವೆಂದ ಮೇಲೆ ಬೇರೆ ಯಾವುದಾದರೂ ಕಾರಣ ಇರಲೇಬೇಕಷ್ಟೆ.

ಆದರೆ ಈ ಹೋಲಿಕೆಯನ್ನು ಕಡೆಯವರೆಗೆ ಎಳೆಯಲು ಬರುವುದಿಲ್ಲ. ಗಮಕಿಯ ಮುಂದೆ ಪಾಠ ಖಚಿತವಾಗಿರುತ್ತದೆ. ವಿಮಾನದ ಮಾದರಿ ಮಾಡುವವನಿಗೂ ಅಷ್ಟೆ. ಎಲ್ಲಿಯೋ ಒಂದು ಸಂಗ್ರಹಾಲಯದಲ್ಲಿ ನಿಜವಾದ ವಿಮಾನ ನಿಂತಿರುತ್ತದೆ, ಸಂಶಯ ಬಂದರೆ ಹೋಗಿ ನೋಡಬಹುದು. ಅಂತರಿಕ್ಷ ನೌಕೆಯ ಮಾದರಿ ಮಾಡುವವನ ಪಾಡು ಬೇರೆ. ಅವನು ಅನುಕರಿಸಹೊರಟ ವಸ್ತು ಎಂದೂ ಇರಲೇ ಇಲ್ಲ. ಹಾಗಾದರೆ ಅವನು ಯಾವುದಕ್ಕೆ ನಿಷ್ಠನಾಗಿರಬೇಕು? ಈ ಪ್ರಶ್ನೆಯೇ ಈ ಕಲೆಯ ಜೀವಾಳವೆಂದು ನಾನು ತಿಳಿದಿದ್ದೇನೆ. ಇದಕ್ಕೆ ಮೂರು ಉತ್ತರಗಳು ಸಾಧ್ಯ. ಕಥೆಯಲ್ಲಿ ಹಾರಾಡಿದ ಕಲ್ಪನೆಯ ನೌಕೆಗೆ ನಿಷ್ಠೆ; ಸ್ಟುಡಿಯೋದಲ್ಲಿ ಕುಶಲಿಗಳು ಕಟ್ಟಿ ಕ್ಯಾಮರಾದ ಮುಂದೆ ನಿಲ್ಲಿಸಿದ ಮಾದರಿಗೆ ನಿಷ್ಠೆ; ತೆರೆಯ ಮೇಲೆ ಬೆಳಕಿನಲ್ಲಿ ಮೂಡಿದ ಬಿಂಬಕ್ಕೆ ನಿಷ್ಠೆ. ಮೇಲ್ನೋಟಕ್ಕೆ ಮೂರೂ ಒಂದೆ. ನಿಜವಾಗಿ ಮೂರೂ ಬೇರೆ ಬೇರೆ.

ಎಂಟರ್‌ಪ್ರೈಸ್ ನೌಕೆಯ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಅದರ ರೂಪವನ್ನು ಕಲ್ಪಿಸಿದವರು ಮ್ಯಾಟ್ ಜೆಫ್ರೀಸ್. ಚಿತ್ರೀಕರಣಕ್ಕೆಂದು 1964ರಲ್ಲಿ ಕಟ್ಟಿದ ದೊಡ್ಡ ಮಾದರಿ 11 ಅಡಿ ಉದ್ದದ್ದು, ಬಹುಪಾಲು ಮರದ್ದು. ದೀಪಗಳ ತಂತಿಗಳು ಎಡಮಗ್ಗುಲಿನಿಂದ ಒಳಹೋಗುತ್ತಿದ್ದುದರಿಂದ ಆ ಪಕ್ಕವನ್ನು ಪೂರ್ತಿ ಸಿಂಗರಿಸಲೇ ಇಲ್ಲ. ನೌಕೆಯನ್ನು ಬಲಗಡೆಯಿಂದಲೇ ಚಿತ್ರಿಸುತ್ತಿದ್ದರು. ಎಂದಮೇಲೆ, ‘ನಾನು ಮೂಲವನ್ನು ಕೂದಲೆಳೆಯಷ್ಟೂ ಬಿಡದೆ ಅನುಸರಿಸುತ್ತೇನೆ’ ಎನ್ನುವ ಹವ್ಯಾಸಿ ತನ್ನ ಮಾದರಿಯ ಎಡಮಗ್ಗುಲನ್ನು ಬೋಳಾಗಿ ಬಿಟ್ಟು, ಅಲ್ಲಿಂದ ತಂತಿಯ ಬಾಲವೊಂದನ್ನು ಇಳಿಬಿಡಬೇಕಾಗುತ್ತದೆ! ಹಾಗೆ ಯಾರೂ ಮಾಡುವುದಿಲ್ಲ. ಮಾಡುವುದಿಲ್ಲವೆಂದ ಕೂಡಲೆ, ಅವನು ವಸ್ತುವಿನ ಅನುಕರಣೆಯನ್ನು ಬಿಟ್ಟು ಕಲ್ಪನೆಯ ಕಡೆಗೆ ಒಂದು ಹೆಜ್ಜೆ ಇಟ್ಟಂತಾಯಿತು.

ಈ ಮಾದರಿ 1974ರಲ್ಲಿ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಗೆ ಸೇರಿತು. 1991ರಲ್ಲಿ ನಡೆದ ಜೀರ್ಣೋದ್ಧಾರದಲ್ಲಿ, ತಟ್ಟೆಯಾಕಾರದ ಭಾಗದ ಮೇಲ್ಮೈ ಒಂದನ್ನುಳಿದು ಉಳಿದುದಕ್ಕೆ ಹೊಸ ಬಣ್ಣ ಬಿತ್ತು. ಫಲಕಗಳ ಗೆರೆಗಳು ಎದ್ದು ಕಾಣುವಂತೆ ಮೂಡಿದವು. ಮೊದಲು ಅಲ್ಲಿದ್ದದ್ದು ಪೆನ್ಸಿಲಿನ ತೆಳು ಗೆರೆ. ಅಭಿಮಾನಿಗಳಲ್ಲಿ ಅನೇಕರು ಕೆರಳಿದರು. ದೇವಸ್ಥಾನದ ಹಳೆಯ ಕಲ್ಲುಕಂಬಕ್ಕೆ ಎನಾಮೆಲ್ ಬಳಿದಾಗ ನಮಗೆ ಆಗುವ ಸಂಕಟವೇ ಅವರಿಗೂ ಆಗಿರಬೇಕು. ಮುಂದೆ ತಜ್ಞರು ಹಳೆಯ ಛಾಯಾಚಿತ್ರಗಳನ್ನು ಶೋಧಿಸಿ, ಮೂಲ ಬಣ್ಣ ಉಳಿದಿದ್ದ ಆ ಒಂದು ಮೇಲ್ಮೈಯನ್ನು ಆಧಾರವಾಗಿಟ್ಟುಕೊಂಡು, 1967ರ ಆಗಸ್ಟ್ ತಿಂಗಳಲ್ಲಿ ಅದು ಹೇಗಿತ್ತೋ ಹಾಗೆ ಮಾಡಿ 2016ರಲ್ಲಿ ಪ್ರದರ್ಶನಕ್ಕೆ ಇಟ್ಟರು. ಇಲ್ಲಿ ಗಮನಿಸತಕ್ಕದ್ದೇನೆಂದರೆ, ಅವರು ಒಂದು ತಿಂಗಳನ್ನು ಆರಿಸಬೇಕಾಯಿತು. ಚಿತ್ರೀಕರಣದ ವರ್ಷಗಳಲ್ಲಿ ಮಾದರಿ ಹಲವು ಬಾರಿ ಬದಲಾಗಿತ್ತು. ‘ಮೂಲ’ವೆಂಬುದು ಒಂದೇ ಆಗಿರಲಿಲ್ಲ. ಹಳಗನ್ನಡ ಕಾವ್ಯವೊಂದರ ಹಲವು ಓಲೆಪ್ರತಿಗಳ ನಡುವೆ ಕೂತ ಸಂಪಾದಕನ ಸ್ಥಿತಿ ಅವರದಾಗಿತ್ತು. ಯಾವ ಪಾಠವನ್ನು ಹಿಡಿಯಬೇಕು, ಯಾವುದನ್ನು ಅಡಿಟಿಪ್ಪಣಿಗೆ ಇಳಿಸಬೇಕು ಎಂಬ ತೀರ್ಮಾನ ವಿಮರ್ಶೆಯ ತೀರ್ಮಾನವೇ.

ಪೆಟ್ಟಿಗೆಯ ಮಾದರಿಗೂ ತೆರೆಯ ನೌಕೆಗೂ ಇರುವ ಸಂಬಂಧ ಒಮ್ಮುಖದ್ದೂ ಅಲ್ಲ. ಎ.ಎಂ.ಟಿ. ಎಂಬ ಕಂಪನಿ 1966ರಲ್ಲಿ ಎಂಟರ್‌ಪ್ರೈಸಿನ ಕಿಟ್ಟನ್ನು ಮಾರಾಟಕ್ಕೆ ತಂದಿತು. ಮರುವರ್ಷವೇ ಆ ಧಾರಾವಾಹಿಯ ಒಂದು ಕಂತಿನಲ್ಲಿ, ಶತ್ರುವಿನ ಪೆಟ್ಟಿಗೆ ಸಿಕ್ಕಿ ಹಾಳಾದ ಕಾನ್‌ಸ್ಟೆಲೇಷನ್ ಎಂಬ ಸೋದರ ನೌಕೆಯೊಂದು ಬೇಕಾಯಿತು. ಹೊಸ ಮಾದರಿ ಕಟ್ಟಲು ಹಣವೆಲ್ಲಿ, ಸಮಯವೆಲ್ಲಿ? ಅಂಗಡಿಯ ಕಿಟ್ಟನ್ನೇ ಜೋಡಿಸಿ, ಹೊಡೆದು ಸುಟ್ಟು ಕುರೂಪಗೊಳಿಸಿ, ಡೆಕಾಲಿನಲ್ಲಿದ್ದ 1701 ಎಂಬ ಅಂಕಿಗಳನ್ನು ಹಿಂದುಮುಂದು ಮಾಡಿ 1017 ಎಂದು ಅಂಟಿಸಿದರು. ಮಕ್ಕಳ ಆಟಿಕೆಯೆಂದು ತಿಳಿದಿದ್ದ ಪೆಟ್ಟಿಗೆಯಿಂದ ಒಂದು ದುರಂತನಾಯಕನ ನೌಕೆ ಹೊರಬಂತು. ನಾಲ್ಕು ಅಂಕಿಗಳ ಸ್ಥಾನಪಲ್ಲಟ, ಒಂದಿಷ್ಟು ಮಸಿ, ಒಂದಿಷ್ಟು ಬೆಂಕಿ. ಇಷ್ಟರಿಂದ ಒಂದು ನೌಕೆಗೆ ಸ್ವಂತದ ಚರಿತ್ರೆ ದೊರಕಿತು. ತಮ್ಮ ರೀತಿಯಲ್ಲಿ ಬಣ್ಣ ಹಚ್ಚುವ ಕಲೆಗೆ ಇದಕ್ಕಿಂತ ಸ್ಪಷ್ಟವಾದ ಲಕ್ಷಣ ನನಗೆ ಸಿಕ್ಕಿಲ್ಲ.

ಸ್ಟಾನ್ಲಿ ಕೂಬ್ರಿಕ್ ಅವರ ‘2001’ ಚಿತ್ರ 1968ರಲ್ಲಿ ಬಂದಾಗ ಅದರ ನೌಕೆಗಳು ಬೆಳ್ಳಗೆ, ಶುಚಿಯಾಗಿ, ಆಸ್ಪತ್ರೆಯ ಶಸ್ತ್ರಗಳಂತೆ ಇದ್ದವು. ಅವುಗಳ ಮೈಮೇಲಿನ ಸೂಕ್ಷ್ಮ ವಿವರಗಳಿಗೂ ಅಂಗಡಿಯ ಕಿಟ್ಟುಗಳ ಚೂರುಗಳನ್ನೇ ಬಳಸಿದ್ದರು. 1977ರ ‘ಸ್ಟಾರ್ ವಾರ್ಸ್’ ಚಿತ್ರದಲ್ಲಿ ಅದೇ ಉಪಾಯ ಇನ್ನೂ ಧಾರಾಳವಾಗಿ ನಡೆಯಿತು. ಟ್ಯಾಂಕು, ಫಿರಂಗಿ, ಹಡಗು, ವಿಮಾನಗಳ ಕಿಟ್ಟುಗಳನ್ನು ರಾಶಿಗಟ್ಟಲೆ ತರಿಸಿ, ಚೂರುಗಳನ್ನು ಎತ್ತಿ ಎತ್ತಿ ನೌಕೆಗಳ ಮೈಗೆ ಅಂಟಿಸಿದರು. ಆದರೆ ಈ ಸಲ ಬಣ್ಣದ ಮನೋಧರ್ಮ ಬದಲಾಗಿತ್ತು. ಈ ನೌಕೆಗಳು ಹಳೆಯವು, ಮಾಸಿದವು, ತೇಪೆ ಹಾಕಿದವು. ನಮ್ಮ ಹಳ್ಳಿಯ ದಾರಿಯ ಬಸ್ಸುಗಳಂತೆ ದುಡಿದು ಸವೆದವು. ಚಿತ್ರದ ಆರಂಭದಲ್ಲಿ ಪ್ರೇಕ್ಷಕರ ತಲೆಯ ಮೇಲೆ ಮುಗಿಯದೆ ಸಾಗುವ ಸ್ಟಾರ್ ಡೆಸ್ಟ್ರಾಯರಿನ ಮಾದರಿ ಇದ್ದದ್ದು ಸುಮಾರು ಮೂರೇ ಅಡಿ! ಅದನ್ನು ಮೈಲುದ್ದವಾಗಿಸಿದ್ದು ಕ್ಯಾಮರಾದ ಚಾತುರ್ಯ, ಮೈಮೇಲಿನ ಸಣ್ಣ ವಿವರಗಳು ಮತ್ತು ಬಣ್ಣಗಾರರ ಸಂಯಮ.

ಇದರಿಂದ ಒಂದು ವಿಚಿತ್ರ ಪರಿಸ್ಥಿತಿ ಹುಟ್ಟಿದೆ. ಬಂದಾಯ್ ಕಂಪನಿ 2014ರಿಂದ ಸ್ಟಾರ್ ವಾರ್ಸ್ ಕಿಟ್ಟುಗಳನ್ನು ಮಾಡುತ್ತಿದೆ. ಆ ಅಚ್ಚುಗಳಲ್ಲಿ ಸ್ಟುಡಿಯೋ ಮಾದರಿಯ ಒಂದೊಂದು ಉಬ್ಬು ತಗ್ಗನ್ನೂ ಬಿಡದೆ ಎರಕಹೊಯ್ದಿದ್ದಾರೆ. ಎಂದರೆ, ಯಾವುದೋ ಟ್ಯಾಂಕಿನ ಕಿಟ್ಟಿನಿಂದ 1976ರಲ್ಲಿ ಕಿತ್ತ ಒಂದು ಚೂರು ನೌಕೆಯ ಅಂಗವಾಯಿತು. ಆ ನೌಕೆಯನ್ನು ಕುಗ್ಗಿಸಿದ ಕಿಟ್ಟಿನಲ್ಲಿ ಆ ಚೂರೂ ಕುಗ್ಗಿ ಸಾಸಿವೆಯಷ್ಟಾಗಿ ಕೂತಿದೆ. ನಿಜವಾದ ಟ್ಯಾಂಕು, ಟ್ಯಾಂಕಿನ ಅನುಕರಣೆ, ಅನುಕರಣೆಯಿಂದ ಕಲ್ಪನೆ, ಕಲ್ಪನೆಯ ಅನುಕರಣೆ ಎಂದು ನಾಲ್ಕು ಮೆಟ್ಟಿಲುಗಳಾದವು. ಕಲೆಯೆಂದರೆ ಅನುಕರಣೆಯ ಅನುಕರಣೆ ಎಂದು ಹೀಗಳೆದ ಗ್ರೀಕ್ ತತ್ತ್ವಜ್ಞ ಪ್ಲೇಟೋ ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದನೋ! ನನಗಂತೂ ಇದರಲ್ಲಿ ಕುಂದೇನೂ ಕಾಣುವುದಿಲ್ಲ. ಪುರಾಣದಿಂದ ಕಾವ್ಯ, ಕಾವ್ಯದಿಂದ ಯಕ್ಷಗಾನದ ಪ್ರಸಂಗ, ಪ್ರಸಂಗದಿಂದ ಮಣ್ಣಿನ ಬೊಂಬೆ, ಹೀಗೆ ಮೆಟ್ಟಿಲಿಳಿಯುತ್ತ ಬಂದ ವಸ್ತುಗಳಲ್ಲಿ ಜೀವ ಉಳಿದಿರುವುದನ್ನು ನಾವು ಕಾಣುವುದಿಲ್ಲವೆ? ಮೆಟ್ಟಿಲ ಎಣಿಕೆ ಮುಖ್ಯವಲ್ಲ. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಯಾರಾದರೊಬ್ಬರು ಯೋಚಿಸಿದ್ದಾರೆಯೆ ಎಂಬುದು ಮುಖ್ಯ.

ಬಣ್ಣದ ವಿಷಯದಲ್ಲಿ ಈ ಯೋಚನೆ ಎಷ್ಟು ಅಗತ್ಯವೆಂಬುದಕ್ಕೆ ಇನ್ನೊಂದು ಸಂಗತಿ. ಎಕ್ಸ್-ವಿಂಗಿನ ರೆಕ್ಕೆಗಳ ಮೇಲಿನ ಪಟ್ಟೆಗಳು ಕೆಂಪು. ಏಕೆ ಕೆಂಪು? ಆ ಕಾಲದಲ್ಲಿ ಮಾದರಿಗಳನ್ನು ನೀಲಿ ಪರದೆಯ ಮುಂದೆ ಚಿತ್ರಿಸಿ, ಆಮೇಲೆ ನೀಲಿಯನ್ನೆಲ್ಲ ತೆಗೆದು ನಕ್ಷತ್ರಗಳ ಆಕಾಶವನ್ನು ಕೂಡಿಸುತ್ತಿದ್ದರು. ಮಾದರಿಯಲ್ಲಿ ನೀಲಿ ಬಣ್ಣವಿದ್ದರೆ ಅದೂ ಪರದೆಯ ಜೊತೆಯಲ್ಲಿ ಮಾಯವಾಗುತ್ತಿತ್ತು. ಆದ್ದರಿಂದ ನೀಲಿ ನಿಷಿದ್ಧವಾಗಿ ಕೆಂಪು ಬಂತು. ಅದೇ ಚಿತ್ರದಲ್ಲಿ ನೌಕೆಯ ಬೆನ್ನ ಮೇಲೆ ಕೂತ ಪುಟ್ಟ ಯಂತ್ರಮಾನವನ ತಲೆಯ ನೀಲಿ ಪಟ್ಟಿಗಳು ಅಂತರಿಕ್ಷದ ದೃಶ್ಯಗಳಲ್ಲಿ ಕಪ್ಪಾಗಿ ಕಾಣುವುದು ಇದೇ ಕಾರಣದಿಂದ. ಕಥೆಗೆ ಇದರಲ್ಲಿ ಯಾವ ಪಾಲೂ ಇಲ್ಲ. ಇದು ಕ್ಯಾಮರಾದ ಬಲವಂತ. 2016ರ ‘ರೋಗ್ ಒನ್’ ಚಿತ್ರದ ಹೊತ್ತಿಗೆ ಕಂಪ್ಯೂಟರ್ ಬಂದು ಆ ಬಲವಂತ ತಪ್ಪಿತ್ತು. ನೀಲಿ ಪಟ್ಟೆಯ ಎಕ್ಸ್-ವಿಂಗುಗಳು ತೆರೆಯ ಮೇಲೆ ಹಾರಿದವು.

ಹವ್ಯಾಸಿ ಇದರಿಂದ ಕಲಿಯತಕ್ಕದ್ದು ಬಹಳವಿದೆ. ನಾವು ‘ಶಾಸ್ತ್ರ’ವೆಂದು ಕಣ್ಣಿಗೊತ್ತಿಕೊಳ್ಳುವ ಎಷ್ಟೋ ವಿವರಗಳು ಹುಟ್ಟಿದ್ದು ಅಡಚಣೆಯಿಂದ. ಅಡಚಣೆಯಿಂದ ಹುಟ್ಟಿದ್ದನ್ನೂ, ಆಲೋಚನೆಯಿಂದ ಹುಟ್ಟಿದ್ದನ್ನೂ ಬೇರೆ ಮಾಡಿ ನೋಡುವ ವಿವೇಕ ಇದ್ದವನೇ ಸ್ವಂತ ಬಣ್ಣಕ್ಕೆ ಕೈಹಾಕಬೇಕು. ನೀಲಿ ಪಟ್ಟೆ, ಹಸಿರು ಪಟ್ಟೆ, ಹಳದಿ ಮೂತಿ, ಏನು ಬೇಕಾದರೂ ಬಳಿಯಲಿ, ಅಡ್ಡಿಯಿಲ್ಲ. ಆದರೆ ಆ ನೌಕೆಗಳಲ್ಲಿ ಪಟ್ಟೆ ಇರುವುದು ಅಲಂಕಾರಕ್ಕಲ್ಲ. ಒಂದು ನೌಕೆಯನ್ನು ಇನ್ನೊಂದರಿಂದ ಗುರುತಿಸಲಿಕ್ಕೆ. ಆ ಉದ್ದೇಶವನ್ನು ಮರೆತು, ಸೀರೆಯ ಅಂಚಿನಂತೆ ಚೆಂದಕ್ಕೆಂದು ಪಟ್ಟೆ ಎಳೆದವನ ನೌಕೆ ಎಷ್ಟು ನಾಜೂಕಾಗಿದ್ದರೂ ಸುಳ್ಳಾಗಿ ಕಾಣುತ್ತದೆ. ಸ್ವಾತಂತ್ರ್ಯವೆಂದರೆ ಕಾರಣವನ್ನು ಬಿಡುವುದಲ್ಲವಷ್ಟೆ. ಹೊಸ ಕಾರಣವನ್ನು ಕೊಡಬಲ್ಲವನಿಗೆ ಅದು ಸಲ್ಲುತ್ತದೆ.

ಇಲ್ಲಿಂದ ನನ್ನ ಮುಖ್ಯವಾದ ದೂರಿಗೆ ಬರುತ್ತೇನೆ. ಇಂದು ಈ ಹವ್ಯಾಸದವರಲ್ಲಿ ಮಾಸಲು ಬಣ್ಣದ ಹುಚ್ಚು ಅತಿಯಾಗಿದೆ. ಹೊಸ ನೌಕೆಯನ್ನು ಹಳೆಯದಾಗಿ ಕಾಣಿಸುವ ಈ ಕೌಶಲಕ್ಕೆ ವೆದರಿಂಗ್ ಎನ್ನುತ್ತಾರೆ. ಹೆಸರೇ ಹೇಳುವಂತೆ ಇದು ಹವೆಯ ಕೆಲಸ. ಮಳೆ, ಗಾಳಿ, ಬಿಸಿಲುಗಳು ವಸ್ತುವಿನ ಮೇಲೆ ಬರೆಯುವ ಲಿಪಿ. ಟ್ಯಾಂಕು, ರೈಲುಗಳ ಮಾದರಿ ಮಾಡುವವರು ಇದನ್ನು ಚೆನ್ನಾಗಿ ಬೆಳೆಸಿದರು. ಅದನ್ನು ಅಂತರಿಕ್ಷಕ್ಕೆ ಹಾಗೆಯೇ ಒಯ್ದವರು ಒಂದು ಕ್ಷಣ ನಿಂತು ಯೋಚಿಸಲಿಲ್ಲ. ಎಂದೂ ನೆಲಕ್ಕಿಳಿಯದ, ಅಂತರಿಕ್ಷದಲ್ಲಿಯೇ ಕಟ್ಟಿದ ನೌಕೆಯ ಪಕ್ಕಗಳಲ್ಲಿ ಮೇಲಿನಿಂದ ಕೆಳಕ್ಕೆ ಕೊಳೆ ನೀರು ಇಳಿದ ಗುರುತುಗಳು! ಅಲ್ಲಿ ಮೇಲು ಯಾವುದು, ಕೆಳಗು ಯಾವುದು? ಮಳೆ ಎಲ್ಲಿಂದ ಬಂತು? ಇನ್ನು ಕೆಲವರು ಇಟ್ಟಿಗೆಯ ಬಣ್ಣದ ತುಕ್ಕನ್ನು ಹಿಡಿಸುತ್ತಾರೆ. ಗಾಳಿಯೂ ತೇವವೂ ಇಲ್ಲದೆಡೆ ಕಬ್ಬಿಣಕ್ಕೆ ತುಕ್ಕು ಹಿಡಿಯುವುದಾದರೂ ಹೇಗೆ? ಕ್ಷೇಮೇಂದ್ರನು ಕಾವ್ಯಕ್ಕೆ ಔಚಿತ್ಯವೇ ಪ್ರಾಣವೆಂದು ವಾದಿಸಿದ. ಆ ಮಾತು ಈ ಅಂಗೈಯಗಲದ ಕೃತಿಗಳಿಗೂ ಸಲ್ಲುತ್ತದೆ. ಕೊಳೆಯೂ ಒಂದು ಅಲಂಕಾರವೇ. ಸ್ಥಾನ ತಪ್ಪಿದರೆ ಅದೂ ದೋಷವೇ.

‘ಹಾಗಾದರೆ ನೌಕೆಗಳೆಲ್ಲ ಹೊಚ್ಚಹೊಸದಾಗಿ ಮಿರುಗಬೇಕೇನು?’ ಎಂದು ಕೇಳಬಹುದು. ಬೇಕಿಲ್ಲ. ಅಂತರಿಕ್ಷಕ್ಕೂ ಅದರದೇ ಆದ ಸವೆತವುಂಟು. ಹಬಲ್ ದೂರದರ್ಶಕದ ದುರಸ್ತಿಗೆಂದು 1997ರಲ್ಲಿ ಹೋದ ಗಗನಯಾತ್ರಿಗಳು ಅದರ ಹೊರಮೈಯ ತೆಳು ಹೊದಿಕೆ ಅಲ್ಲಲ್ಲಿ ಬಿರಿದು ಹರಿದಿರುವುದನ್ನು ಕಂಡು ತೇಪೆ ಹಾಕಿ ಬಂದರು. ವಾಯುಮಂಡಲದ ಮರೆಯಿಲ್ಲದ ಬಿಸಿಲಿನಲ್ಲಿ ಬಣ್ಣ ಕಂದುತ್ತದೆ. ಕಣಗಳ ಹೊಡೆತಕ್ಕೆ ಸಣ್ಣ ಗುಳಿಗಳು ಬೀಳುತ್ತವೆ. ಭೂಮಿಗೆ ಮರಳುತ್ತಿದ್ದ ಸ್ಪೇಸ್ ಷಟಲಿನ ಹೆಂಚುಗಳ ಮೇಲೆ ಬಿಸಿಗಾಳಿ ಹರಿದ ದಿಕ್ಕಿನಲ್ಲಿ ಕರಕಲು ಗೆರೆಗಳು ಮೂಡುತ್ತಿದ್ದವು. ಇವನ್ನೆಲ್ಲ ತಿಳಿದು ಬಣ್ಣ ಹಚ್ಚುವವನಿಗೆ ಎಷ್ಟು ಹೊಸ ವಿವರಗಳು ಸಿಕ್ಕಬಹುದು! ಇಳಿದೇರುವ ನೌಕೆಯಾದರೆ ಹೊಟ್ಟೆಯ ಕೆಳಗೆ ಹಿಮ್ಮುಖವಾಗಿ ಹರಿದ ಕರಕು; ಇಳಿಯದ ನೌಕೆಯಾದರೆ ಒಂದು ಮಗ್ಗುಲಿಗೆ ಕಂದಿದ ಬಿಳುಪು, ಬೇರೆ ಬೇರೆ ಕಾಲದಲ್ಲಿ ಬದಲಿಸಿದ ಫಲಕಗಳ ಬಣ್ಣದಲ್ಲಿ ಎಳ್ಳಷ್ಟು ವ್ಯತ್ಯಾಸ. ಇವು ಕಣ್ಣಿಗೆ ಹೊಡೆಯುವುದಿಲ್ಲ, ನೋಡನೋಡುತ್ತ ಬಿಚ್ಚಿಕೊಳ್ಳುತ್ತವೆ. ಧ್ವನಿಯೆಂದು ನಮ್ಮ ಆಲಂಕಾರಿಕರು ಕರೆದದ್ದು ಇಂಥದನ್ನೇ ಅಲ್ಲವೆ?

ಗೆರೆಗಳ ವಿಷಯವೂ ಇದರಂತೆಯೇ. ಫಲಕಗಳ ಸಂದುಗಳಲ್ಲಿ ಕಪ್ಪು ವಾಷನ್ನು ತುಂಬಿ ಎದ್ದು ಕಾಣಿಸುವುದು ಈಗ ಕಡ್ಡಾಯದ ಸಂಪ್ರದಾಯವಾಗಿಬಿಟ್ಟಿದೆ. ಇಲ್ಲಿ ಮೊದಲು ಹೇಳಿದ ಅಳತೆಯ ಲೆಕ್ಕ ಬರುತ್ತದೆ. 1/72ರಲ್ಲಿ ಅರ್ಧ ಮಿಲಿಮೀಟರಿನ ಗೆರೆ ನಿಜವಾದ ನೌಕೆಯಲ್ಲಿ ಮೂರೂವರೆ ಸೆಂಟಿಮೀಟರಿನ ಸಂದಾಗುತ್ತದೆ, ಕಣ್ಣುಮುಚ್ಚಿ ಒಪ್ಪಿಕೊಳ್ಳೋಣ. ಅದೇ ಗೆರೆ 1/1000ರಲ್ಲಿ ಅರ್ಧ ಮೀಟರಾಗುತ್ತದೆ. 1/5000ರಲ್ಲಿ ಎರಡೂವರೆ ಮೀಟರು. ಒಬ್ಬ ಮನುಷ್ಯ ಅದರಲ್ಲಿ ಅಡ್ಡಲಾಗಿ ಮಲಗಬಹುದು! ಇಂಥ ಹಳ್ಳಗಳನ್ನು ಮೈತುಂಬ ತೋಡಿಸಿಕೊಂಡ ನೌಕೆ ದೊಡ್ಡದಾಗಿ ಕಾಣುವ ಬದಲು ಹೆಂಚಿನ ಬಿಲ್ಲೆಗಳಿಂದ ಜೋಡಿಸಿದ ಆಟಿಕೆಯಾಗಿ ಕುಗ್ಗುತ್ತದೆ. 1991ರ ಎಂಟರ್‌ಪ್ರೈಸಿನ ಮೇಲೆ ಬಂದ ಆಕ್ಷೇಪಣೆಯ ತಿರುಳೂ ಇದೇ ಎಂದು ನನಗನಿಸುತ್ತದೆ. ಅಳತೆ ಕಿರಿದಾದಷ್ಟೂ ಗೆರೆ ಮೆಲುದನಿಯಾಗಬೇಕು. ಬೂದು ಬಣ್ಣದ ಮೇಲೆ ಅದಕ್ಕಿಂತ ಒಂದಿಷ್ಟೇ ಕಪ್ಪಾದ ಬೂದು ಸಾಕು. ಅಪ್ಪಟ ಕಪ್ಪು ಬೇಡವೇ ಬೇಡ.

ಅಂಥದೇ ಇನ್ನೊಂದು ಎರವಲು ನಿಯಮವುಂಟು. ದೂರದ ಬೆಟ್ಟ ಮಸುಕಾಗಿ ಕಾಣುವಂತೆ ಚಿಕ್ಕ ಮಾದರಿಯ ಬಣ್ಣವನ್ನೂ ತಿಳಿಯಾಗಿಸಬೇಕೆಂದು ವಿಮಾನದ ಮಾದರಿಯವರು ಹೇಳುತ್ತಾರೆ. ಬೆಟ್ಟ ಮಸುಕಾಗುವುದು ನಡುವೆ ಇರುವ ಗಾಳಿಯಿಂದ. ಅಂತರಿಕ್ಷದಲ್ಲಿ ನಡುವೆ ಏನೂ ಇಲ್ಲ. ದೂರದ ನೌಕೆಯೂ ಹತ್ತಿರದ್ದರಷ್ಟೇ ನಿಚ್ಚಳ. ಆದರೂ ನಮ್ಮ ಕಣ್ಣು ಭೂಮಿಯ ಮೇಲೆ ಬೆಳೆದದ್ದು. ಅದು ನಂಬುವುದು ಭೂಮಿಯ ನಿಯಮವನ್ನೇ. ಶಾಸ್ತ್ರವನ್ನು ಹಿಡಿಯಬೇಕೆ, ಕಣ್ಣನ್ನು ಒಲಿಸಬೇಕೆ? ಈ ಪ್ರಶ್ನೆಗೆ ನಾನು ಕಟ್ಟಳೆ ಹಾಕಲಾರೆ. ಎರಡರಲ್ಲಿ ಒಂದನ್ನು ಆರಿಸಿದವನು, ತಾನು ಆರಿಸಿದ್ದೇನೆಂಬುದನ್ನು ತಿಳಿದಿರಬೇಕು. ತಿಳಿಯದೆ ಮಾಡಿದ್ದು ರೂಢಿ. ತಿಳಿದು ಮಾಡಿದ್ದು ಶೈಲಿ.

ಕಿಟ್ಟುಗಳ ಗುಣಮಟ್ಟದ ಬಗೆಗೂ ಒಂದು ಮಾತು ಹೇಳಬೇಕು. 1970ರ ದಶಕದ ಕಿಟ್ಟುಗಳಲ್ಲಿ ಹಲವು ಒರಟಾಗಿದ್ದವು. ಭಾಗಗಳು ಸರಿಯಾಗಿ ಕೂರುತ್ತಿರಲಿಲ್ಲ, ಆಕಾರವೂ ತೆರೆಯ ಮೇಲಿನಂತಿರಲಿಲ್ಲ. ತಿದ್ದಿ ತೀಡಿ ಸರಿಪಡಿಸುವುದರಲ್ಲಿಯೇ ಮಾಡುವವನ ಜಾಣ್ಮೆ ಹೊರಬೀಳುತ್ತಿತ್ತು. ಇಂದಿನ ಒಳ್ಳೆಯ ಕಿಟ್ಟುಗಳಿಗೆ ಅಂಟು ಕೂಡ ಬೇಕಿಲ್ಲ, ಒತ್ತಿದರೆ ಕೂರುತ್ತವೆ. ಪ್ಲಾಸ್ಟಿಕ್ಕಿಗೇ ಬಣ್ಣ ಬೆರೆಸಿರುವುದರಿಂದ ಕುಂಚ ಮುಟ್ಟದೆಯೂ ನೋಡತಕ್ಕಂಥ ನೌಕೆಯೊಂದು ಎರಡು ಸಂಜೆಗಳಲ್ಲಿ ಸಿದ್ಧ. ಇದರಿಂದ ಕೈಚಳಕಕ್ಕೆ ಎಡೆ ತಪ್ಪಿತೆಂದು ಹಳಬರು ಕೊರಗುತ್ತಾರೆ. ನನ್ನ ಅಭಿಪ್ರಾಯ ಬೇರೆ. ಅಚ್ಚು ಪರಿಪೂರ್ಣವಾದಷ್ಟೂ ಎಲ್ಲರ ಮನೆಯ ನೌಕೆಯೂ ಒಂದೇ ಆಗುತ್ತದೆ; ಒಂದೇ ಆದಷ್ಟೂ ಬಣ್ಣದ ಹೊಣೆ ಹೆಚ್ಚುತ್ತದೆ. ಆಕಾರವನ್ನು ತಿದ್ದುವ ಶ್ರಮ ಉಳಿಯಿತಾದರೆ, ಆ ಶ್ರಮವನ್ನು ಈ ನೌಕೆ ಯಾರದು, ಎಲ್ಲಿ ದುಡಿಯಿತು, ಯಾವ ಪೆಟ್ಟು ತಿಂದಿತು ಎಂದು ಯೋಚಿಸುವುದಕ್ಕೆ ಹಾಕಬಹುದು. ಹಾಗೆ ಯೋಚಿಸದೆ, ಪೆಟ್ಟಿಗೆಯ ಮೇಲಿನ ಚಿತ್ರವನ್ನು ಮತ್ತೆ ಮಾಡಿಟ್ಟವನು ಕಂಪನಿಯ ಕೆಲಸದ ಕಡೆಯ ಹಂತವನ್ನು ತನ್ನ ಮನೆಯಲ್ಲಿ ಮುಗಿಸಿಕೊಟ್ಟಂತಾಯಿತು. ಅದರಲ್ಲಿಯೂ ಸುಖವಿದೆ, ಇಲ್ಲವೆನ್ನುವುದಿಲ್ಲ. ಆದರೆ ಅದು ಇನ್ನೂ ವಾಚನವಾಗಲಿಲ್ಲ, ಅಕ್ಷರಾಭ್ಯಾಸವಾಯಿತು.

ಇದೆಲ್ಲ ದೊಡ್ಡ ಸಿನಿಮಾ ಕಂಪನಿಗಳ ವ್ಯಾಪಾರ, ನಾವು ಅದಕ್ಕೆ ಬಲಿಯಾಗುತ್ತಿದ್ದೇವೆ ಎಂದು ಮೂಗು ಮುರಿಯುವ 'ಗಂಭೀರ' ಮಿತ್ರರು ನನಗಿದ್ದಾರೆ. ಅವರ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಪೆಟ್ಟಿಗೆಗಳನ್ನು ಕೊಂಡು ಕೊಂಡು ಬಿಚ್ಚದೆ ಅಟ್ಟದ ಮೇಲೆ ಒಟ್ಟುವವರು ಉಂಟು. ಅದು ಸಂಗ್ರಹದ ವ್ಯಸನವೇ ಸರಿ. ಆದರೆ ವ್ಯಾಪಾರಿ ಮಾರಿದ್ದನ್ನು ಹಾಗೆಯೇ ಒಪ್ಪಿಕೊಳ್ಳದೆ, ಅದರ ಮೇಲೆ ತನ್ನ ತರ್ಕವನ್ನೂ ತನ್ನ ಕಲ್ಪನೆಯನ್ನೂ ಹೇರಿ ಬೇರೆಯದೊಂದನ್ನು ಮಾಡುವವನು ವ್ಯಾಪಾರಕ್ಕೆ ಬಲಿಯಾದವನೆಂದು ನಾನು ಒಪ್ಪಲಾರೆ. ಸಿದ್ಧವಸ್ತುಗಳಿಂದಲೇ ತುಂಬಿಹೋಗಿರುವ ನಮ್ಮ ಮನೆಗಳಲ್ಲಿ, ಕೊಂಡ ವಸ್ತುವಿಗೆ ತಾನೊಂದು ಅರ್ಥ ಕೊಡುವ ಅವಕಾಶ ಎಷ್ಟು ಜನಕ್ಕೆ ಎಷ್ಟು ಸಲ ದೊರೆಯುತ್ತದೆ? ಅಂಥ ಅಪರೂಪದ ಅವಕಾಶವನ್ನು ಕೊಳೆ ನೀರಿನ ಗೆರೆ, ಇಟ್ಟಿಗೆ ತುಕ್ಕುಗಳ ರೂಢಿಗೆ ಒಪ್ಪಿಸಿಬಿಡಬಾರದೆಂಬುದೇ ನಾನು ಇಷ್ಟು ಬರೆಯಲು ಕಾರಣ.

ನೋಡುವವರಿಗೂ ಒಂದು ಮಾತು. ಯಾರದಾದರೂ ಮನೆಯ ಕಪಾಟಿನಲ್ಲಿ ಇಂಥ ನೌಕೆಯೊಂದು ಕಣ್ಣಿಗೆ ಬಿದ್ದರೆ, ‘ಇದಕ್ಕೆಷ್ಟು ಕೊಟ್ಟಿರಿ?’ ಎಂದು ಬೆಲೆ ಕೇಳುವುದು ನಮ್ಮ ಅಭ್ಯಾಸ. ಅದರ ಬದಲು, ‘ಇದು ಎಲ್ಲಿಂದ ಬಂದದ್ದು?’ ಎಂದು ಕೇಳಿ ನೋಡಬೇಕು. ಮಾಡಿದವನು ಅಂಗಡಿಯ ಹೆಸರು ಹೇಳಿದರೆ ಅಲ್ಲಿಗೆ ಮಾತು ಮುಗಿಯಿತು. ರೆಕ್ಕೆಯ ಮೇಲಿನ ಕರಕನ್ನೋ, ಬದಲಿಸಿದ ಫಲಕವನ್ನೋ ತೋರಿಸಿ ಅವನು ನೌಕೆಯ ಕಥೆಯನ್ನು ಆರಂಭಿಸಿದನೆಂದರೆ, ಕುರ್ಚಿ ಎಳೆದುಕೊಂಡು ಕೂರುವುದು ಒಳ್ಳೆಯದು. ಕೇಳತಕ್ಕದ್ದೇನೋ ಇದೆ ಎಂದರ್ಥ.